ತೋಳಮನುಷ್ಯನ ಸಿನಿಮಾದಲ್ಲಿ ನಮಗೆ ಸಿಗುವ ರಂಜನೆ ಯಾವುದು? ‘ವುಲ್ಫ್ ಮ್ಯಾನ್’ ನೋಡಿದವರು ಹೇಳಿ

ನವನಗರದ ನೋಡುಗ (ಬಾಗಲಕೋಟೆ)
ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ರಾತ್ರಿ ನಾನು, ನನ್ನ ತಮ್ಮ ಮತ್ತು ಅವನ ಇಬ್ಬರು ಗೆಳೆಯರು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು 2025ರಲ್ಲಿ ತೆರೆಕಂಡ ‘ವುಲ್ಫ್ ಮ್ಯಾನ್’ ನೋಡಿದೆವು. 103 ನಿಮಿಷದ ಸಿನಿಮಾ ಮುಗಿದಾಗ ಹನ್ನೊಂದೂವರೆಯಾಗಿತ್ತು, ಅದರ ಮೇಲಿನ ವಾದ ಮುಗಿದಾಗ ಎರಡು ಗಂಟೆ ದಾಟಿತ್ತು. ಗೆಳೆಯರಲ್ಲಿ ಒಬ್ಬ ‘ಹೆದರಿಕೀನೂ ಆಗಲಿಲ್ಲ, ತ್ವಾಳಾನೂ ನೆಟ್ಟಗ ಕಾಣಲಿಲ್ಲ, ನಿದ್ದಿ ದಂಡ’ ಎಂದ. ಇನ್ನೊಬ್ಬ ಮಾತನಾಡದೆ ಎದ್ದುಹೋಗಿ ಊರಲ್ಲಿರುವ ತನ್ನ ಅಪ್ಪನಿಗೆ ಅಷ್ಟು ಹೊತ್ತಿನಲ್ಲಿ ಫೋನು ಮಾಡಿದ. ಒಂದೇ ಸಿನಿಮಾ ಇಬ್ಬರಿಗೆ ಇಷ್ಟು ಬೇರೆಯಾಗಿ ಮುಟ್ಟಿದ್ದು ಹೇಗೆ ಎಂಬುದು ನನ್ನನ್ನು ಕಾಡುತ್ತಿದೆ.

ನೋಡದವರಿಗಾಗಿ ಕಥೆಯನ್ನು ಇಷ್ಟೇ ಹೇಳುತ್ತೇನೆ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಂಸಾರ ಮಾಡಿಕೊಂಡಿರುವ ಒಬ್ಬ ಮನುಷ್ಯ, ಕಾಣೆಯಾದ ತನ್ನ ತಂದೆ ಬಿಟ್ಟುಹೋದ ಮನೆಯನ್ನು ತೆರವು ಮಾಡಲು ಹೆಂಡತಿ ಮತ್ತು ಮಗಳನ್ನು ಕರೆದುಕೊಂಡು ಒರೆಗಾನ್ ರಾಜ್ಯದ ದಟ್ಟ ಕಾಡಿಗೆ ಹೋಗುತ್ತಾನೆ. ದಾರಿಯಲ್ಲಿ ಒಂದು ಪ್ರಾಣಿ ಅವನ ತೋಳನ್ನು ಗೀರುತ್ತದೆ. ಆ ಒಂದು ರಾತ್ರಿಯೊಳಗೆ ಅವನು ಸ್ವಲ್ಪ ಸ್ವಲ್ಪವಾಗಿ ಮನುಷ್ಯತನವನ್ನು ಕಳೆದುಕೊಳ್ಳುತ್ತಾನೆ.

ನನ್ನ ಮನಸ್ಸಿನಲ್ಲಿ ಕೂತಿರುವುದು ಒಂದು ದೃಶ್ಯ. ಮೇಲಿನ ಕೋಣೆಯಲ್ಲಿ ಯಾರೋ ಭಾರವಾಗಿ ಹೆಜ್ಜೆ ಹಾಕುತ್ತಿರುವಂತೆ ಅವನಿಗೆ ಸದ್ದು ಕೇಳುತ್ತದೆ. ಹುಡುಕುತ್ತಾ ಹೋಗಿ ನೋಡಿದರೆ ಗೋಡೆಯ ಮೇಲೆ ಒಂದು ಜೇಡ ನಡೆಯುತ್ತಿರುತ್ತದೆ. ಅಷ್ಟೇ. ರಕ್ತವಿಲ್ಲ, ಕಿರುಚಾಟವಿಲ್ಲ, ಆದರೂ ‘ಈ ಮನುಷ್ಯ ಇನ್ನು ನಮ್ಮವನಲ್ಲ’ ಎಂಬುದು ನನಗೆ ಆ ಕ್ಷಣದಲ್ಲೇ ತಿಳಿದುಹೋಯಿತು. ನನ್ನ ವಾದವೂ ಇದೇ. ತೋಳಮನುಷ್ಯನ ಸಿನಿಮಾದ ರುಚಿ ಇರುವುದು ತೋಳದಲ್ಲಿ ಅಲ್ಲ, ಮನುಷ್ಯನಲ್ಲೂ ಅಲ್ಲ, ಎರಡರ ನಡುವಿನ ಹೊತ್ತಿನಲ್ಲಿ. ಆ ಹೊತ್ತನ್ನು ಎಳೆದು, ತಾಳ್ಮೆಯಿಂದ ತೋರಿಸಿದ ಸಿನಿಮಾವೇ ನಿಜವಾದ ರಂಜನೆ ಕೊಡುತ್ತದೆ. ನಿಮ್ಮ ಅಭಿಪ್ರಾಯ ಹೇಳಿ. ಕೊನೆಯನ್ನು ಬಿಟ್ಟುಕೊಡುವವರು ಮೊದಲೇ ಎಚ್ಚರಿಕೆ ಕೊಡಬೇಕೆಂದು ವಿನಂತಿ.

ಕುಂದಾನಗರಿಯ ಟಾಕೀಸು (ಬೆಳಗಾವಿ)
ನಿಮ್ಮ ವಾದದ ಅರ್ಧವನ್ನು ಒಪ್ಪುತ್ತೇನೆ, ಇನ್ನರ್ಧಕ್ಕೆ ನನ್ನ ತೀವ್ರ ವಿರೋಧವಿದೆ. ನಡುವಿನ ಹೊತ್ತೇ ಮುಖ್ಯವಾದರೆ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಡವೇ? ಈ ಸಿನಿಮಾದಲ್ಲಿ ಮೊದಲಿಂದ ಕೊನೆಯವರೆಗೆ ಕತ್ತಲೆ. ನಾನು ಮನೆಯ ದೀಪಗಳನ್ನೆಲ್ಲ ಆರಿಸಿ, ಟೀವಿಯ ಬೆಳಕನ್ನು ಪೂರ್ತಿ ಏರಿಸಿ ನೋಡಿದರೂ ಅರ್ಧ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲಿಲ್ಲ.

1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ನೋಡಿರಿ. ಅಲ್ಲಿ ಮನುಷ್ಯ ತೋಳವಾಗುವುದು ದೀಪ ಉರಿಯುತ್ತಿರುವ ಸಾಮಾನ್ಯ ಬೈಠಕ್ ಖೋಲಿಯಲ್ಲಿ. ಅಂಗೈ ನಮ್ಮ ಕಣ್ಣೆದುರಿಗೇ ಉದ್ದವಾಗುತ್ತದೆ, ಬೆನ್ನುಮೂಳೆ ಚರ್ಮದ ಕೆಳಗೆ ಏಳುತ್ತದೆ, ಮುಖ ಮುಂದಕ್ಕೆ ಚಾಚುತ್ತದೆ. ಕಂಪ್ಯೂಟರಿನ ಸಹಾಯವಿಲ್ಲದೆ ರಬ್ಬರು, ಕೂದಲು ಮತ್ತು ಯಂತ್ರದ ಕೈಚಳಕದಿಂದ ರಿಕ್ ಬೇಕರ್ ಮಾಡಿದ ಕೆಲಸ ಅದು. ಪ್ರಸಾಧನಕ್ಕೆಂದು ಆಸ್ಕರ್ ಪ್ರಶಸ್ತಿಯ ಸ್ಪರ್ಧೆಯಲ್ಲಿ ಒಂದು ಪ್ರತ್ಯೇಕ ವಿಭಾಗ ಶುರುವಾದದ್ದು 1982ರ ಸಮಾರಂಭದಲ್ಲಿ, ಆ ವಿಭಾಗದ ಮೊದಲ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ಧೈರ್ಯವಿದ್ದವನು ಬೆಳಕಿನಲ್ಲಿ ತೋರಿಸುತ್ತಾನೆ. ಕತ್ತಲೆಯಲ್ಲಿ ಏನನ್ನು ಬೇಕಾದರೂ ಮುಚ್ಚಬಹುದು.

ಇಳಕಲ್ಲಿನ ಸೆರಗು
ನನಗೆ ಸಿನಿಮಾ ಹಿಡಿಸಿತು. ಮುಖ್ಯವಾಗಿ ಮಗಳು ಮತ್ತು ಅಪ್ಪ ಆಡುವ ‘ನನ್ನ ಮನಸ್ಸಿನಲ್ಲಿ ಏನಿದೆ ಹೇಳು’ ಎಂಬ ಆಟ, ಅದು ಮುಂದೆ ಇನ್ನೊಂದು ಅರ್ಥದಲ್ಲಿ ಮರಳಿ ಬಂದಾಗ ನನ್ನ ಗಂಟಲು ಕಟ್ಟಿತು.

ಗುಳೇದಗುಡ್ಡದ ಖಣ
ಮನರಂಜನೆಯ ಮಾತು ಬಂದಿರುವುದರಿಂದ ಕೇಳುತ್ತೇನೆ, ನಮ್ಮ ದೇಶದ್ದೇ ಆದ ‘ಭೇಡಿಯಾ’ವನ್ನು ಯಾಕೆ ಯಾರೂ ನೆನಪಿಸಿಕೊಳ್ಳುತ್ತಿಲ್ಲ? 2022ರ ನವೆಂಬರಿನಲ್ಲಿ ಬಂದ ಹಿಂದಿ ಸಿನಿಮಾ ಅದು. ಅರುಣಾಚಲದ ಕಾಡಿನ ನಡುವೆ ರಸ್ತೆ ಮಾಡಿಸಲು ಹೋದ ಗುತ್ತಿಗೆಯ ಹುಡುಗನಿಗೆ ತೋಳ ಕಚ್ಚುತ್ತದೆ, ಅವನೇ ಕಾಡು ಕಡಿಯುವವರ ಮೇಲೆ ಎರಗುವ ಪ್ರಾಣಿಯಾಗುತ್ತಾನೆ. ಹಾಡಿದೆ, ನಗುವಿದೆ, ಗೆಳೆತನವಿದೆ, ಕಾಡಿನ ಬಗ್ಗೆ ಒಂದು ವಿಚಾರವೂ ಇದೆ. ನಮ್ಮ ಮನೆಯಲ್ಲಿ ಅತ್ತೆಯವರಿಂದ ಹಿಡಿದು ಎಂಟನೆಯ ತರಗತಿಯ ಮಗನವರೆಗೆ ಎಲ್ಲರೂ ಕೂಡಿ ನೋಡಿದೆವು. ‘ವುಲ್ಫ್ ಮ್ಯಾನ್’ ಅನ್ನು ಹಾಗೆ ಮನೆಮಂದಿಯೆಲ್ಲ ಕುಳಿತು ನೋಡಲು ಬರುತ್ತದೆಯೇ?

ಕುಂದಾನಗರಿಯ ಟಾಕೀಸು
ಅಕ್ಕಾವರೇ, ‘ಭೇಡಿಯಾ’ 156 ನಿಮಿಷ ಇದೆ. ಅದರಲ್ಲಿ ನಲವತ್ತು ನಿಮಿಷ ಕತ್ತರಿಸಿದ್ದರೆ ನಾನೂ ನಿಮ್ಮ ಜೊತೆ ಕೂಡುತ್ತಿದ್ದೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಅದರಲ್ಲಿ ನಾಯಕ ತೋಳವಾಗುವ ದೃಶ್ಯವನ್ನು ಪೂರ್ತಿ ಬೆಳಕಿನಲ್ಲಿ ತೋರಿಸುವ ಪ್ರಾಮಾಣಿಕತೆ ಇದೆ.

ನವನಗರದ ನೋಡುಗ
‘ಭೇಡಿಯಾ’ದಲ್ಲಿ ನನಗೆ ಕೊರತೆಯಾಗಿ ಕಂಡದ್ದು ಬೇರೆ. ಅವನು ತೋಳವಾದ ಮರುಗಳಿಗೆಯಲ್ಲೇ ಗೆಳೆಯನೊಬ್ಬ ಏನಾದರೂ ಮಾತು ಹೇಳಿ ನಗಿಸುತ್ತಾನೆ. ನಮ್ಮ ಹೆದರಿಕೆ ಬೆಳೆಯುವ ಮೊದಲೇ ನಗು ಬಂದು ಅದನ್ನು ಒರೆಸಿಬಿಡುತ್ತದೆ. ಮನೆಮಂದಿಯೆಲ್ಲ ನೋಡಬಹುದು ಎಂಬುದು ದೊಡ್ಡ ಗುಣವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ತೋಳದ ವೇಷ ಹಾಕಿದ ಗೆಳೆತನದ ಸಿನಿಮಾ.

ಮುಧೋಳದ ಬಯಲು
ನಾನು ಕುರಿ ಸಾಕುವ ಮನೆತನದವನು. ನೀವೆಲ್ಲ ತೋಳದ ಸಿನಿಮಾ ಎನ್ನುತ್ತಿದ್ದೀರಿ, ಆದರೆ ಇವುಗಳಲ್ಲಿ ಯಾವುದನ್ನು ಮಾಡಿದವರೂ ತೋಳವನ್ನು ಹತ್ತಿರದಿಂದ ಬಲ್ಲವರಂತೆ ನನಗೆ ತೋರಲಿಲ್ಲ. ನಮ್ಮ ಸೀಮೆಯ ತೋಳ ದಟ್ಟ ಕಾಡಿನ ಪ್ರಾಣಿಯಲ್ಲ. ಅದು ಹುಲ್ಲುಗಾವಲು, ಕುರುಚಲು ಗುಡ್ಡ ಮತ್ತು ಬೆಳೆ ಕೊಯ್ದ ಹೊಲಗಳ ಪ್ರಾಣಿ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಯಡಹಳ್ಳಿ ಚಿಂಕಾರಾ ವನ್ಯಧಾಮದ ಸುತ್ತ ತಿರುಗಿದವರಿಗೆ ಇದು ಗೊತ್ತು.

ನಾನು ಹನ್ನೆರಡು ವರ್ಷದವನಿದ್ದಾಗ ಬೇಸಿಗೆಯಲ್ಲಿ ಕಾಕಾನ ಜೊತೆ ಹಿಂಡು ಕಾಯಲು ಹೋಗಿದ್ದೆ. ಗೊಬ್ಬರಕ್ಕಾಗಿ ಒಬ್ಬರ ಹೊಲದಲ್ಲಿ ಕುರಿ ನಿಲ್ಲಿಸಿದ್ದೆವು. ನಡುರಾತ್ರಿಯಲ್ಲಿ ನಾಯಿಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಿ ಬೊಗಳತೊಡಗಿದವು. ಕುರಿಗಳು ಒಂದರ ಹೊಟ್ಟೆಯಲ್ಲಿ ಒಂದು ಹೊಕ್ಕವೋ ಎಂಬಂತೆ ಮುದ್ದೆಯಾದವು. ಕಾಕಾ ಬ್ಯಾಟರಿ ಬಿಟ್ಟಾಗ ಬದುವಿನ ಮೇಲೆ ಎರಡು ಕಣ್ಣುಗಳು ಹೊಳೆದು, ಅವಸರವಿಲ್ಲದೆ ಪಕ್ಕಕ್ಕೆ ಹೊರಳಿ ಹೋದವು. ಬೆಳಗ್ಗೆ ಎಣಿಸಿದರೆ ಹಿಂಡಿನ ಇನ್ನೊಂದು ಬದಿಯಿಂದ ಒಂದು ಮರಿ ಇರಲಿಲ್ಲ. ಒಂದು ತೋಳ ಎದುರಿಗೆ ನಿಂತು ನಾಯಿಗಳನ್ನು ಎಳೆದಿತ್ತು, ಇನ್ನೊಂದು ಹಿಂದಿನಿಂದ ಬಂದಿತ್ತು. ಆ ಬುದ್ಧಿವಂತಿಕೆಯಷ್ಟು ಹೆದರಿಕೆ ಹುಟ್ಟಿಸುವ ದೃಶ್ಯವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಸಿನಿಮಾದ ತೋಳ ಬರೀ ಗೋಡೆ ಒಡೆಯುತ್ತದೆ, ಹಲ್ಲು ತೋರಿಸುತ್ತದೆ.

ಇಷ್ಟಾದರೂ ಕಾಕಾ ತೋಳವನ್ನು ಬೈಯಲಿಲ್ಲ. ‘ಅದರ ಪಾಲು ಅದು ಒಯ್ದೈತಿ’ ಎಂದು ಸುಮ್ಮನಾದರು. ಭಾರತದಲ್ಲಿ ಈಗ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸು ಎಂದು ಅಂದಾಜಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಅದರ ಹೆಸರಿದೆ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ಒಂದು ವನ್ಯಧಾಮ ಮಾಡಿದ್ದಾರೆ. ಹೀಗಿರುವಾಗ ತೋಳವೆಂದರೆ ರಾಕ್ಷಸ ಎಂಬ ಕಥೆಯನ್ನು ಮತ್ತೆ ಮತ್ತೆ ಹೇಳುವುದು ಸರಿಯೇ ಎಂದು ನನಗೆ ನೋವಾಗುತ್ತದೆ.

ನವನಗರದ ನೋಡುಗ
ಅಣ್ಣಾ, ನಿಮ್ಮ ಆ ಬದುವಿನ ಮೇಲಿನ ಕಣ್ಣುಗಳು ನನ್ನನ್ನು ಇಂದು ರಾತ್ರಿ ಮಲಗಗೊಡುವುದಿಲ್ಲ. ಆದರೆ ಒಂದನ್ನು ಗಮನಿಸಿ, ಈ ಸಿನಿಮಾದಲ್ಲಿ ನಿಜವಾದ ತೋಳ ಒಂದೂ ಇಲ್ಲ. ಇರುವುದು ಒಂದು ಜಡ್ಡು. ಕೆಟ್ಟದ್ದೆಲ್ಲ ಮನುಷ್ಯನ ಮೈಯೊಳಗೇ ನಡೆಯುತ್ತದೆ.

ಗುಮ್ಮಟದ ದನಿ (ವಿಜಯಪುರ)
ಎಲ್ಲರೂ ಕಣ್ಣಿಗೆ ಕಂಡದ್ದರ ಬಗ್ಗೆಯೇ ಬರೆಯುತ್ತಿದ್ದೀರಿ. ಈ ಸಿನಿಮಾವನ್ನು ಕಿವಿಯಿಂದ ನೋಡಬೇಕು ಎಂದು ನಾನು ಹೇಳುತ್ತೇನೆ.

ನಾವು ಗೋಳಗುಮ್ಮಟದ ಊರಿನವರು. ಚಿಕ್ಕವರಿದ್ದಾಗ ಅದರ ಪಿಸುಮಾತಿನ ಮೊಗಸಾಲೆಗೆ ಹತ್ತಿ, ಗೆಳೆಯನನ್ನು ಆ ಕಡೆಯ ಗೋಡೆಗೆ ಕೂರಿಸಿ, ಈ ಕಡೆಯಿಂದ ಮೆಲ್ಲಗೆ ಅವನ ಹೆಸರು ಹೇಳುತ್ತಿದ್ದೆವು. ಕಣ್ಣಿಗೆ ಅಷ್ಟು ದೂರ ಕಾಣುವ ಗೆಳೆಯನ ಉಸಿರು ಕಿವಿಯ ಪಕ್ಕದಲ್ಲೇ ಕೇಳಿದಾಗ ಮೈ ಜುಮ್ಮೆನ್ನುತ್ತಿತ್ತು. ಒಮ್ಮೆ ಬೆಳಗ್ಗೆ ಜನ ಬರುವ ಮೊದಲೇ ಹೋಗಿದ್ದೆ. ಯಾರೋ ಒಬ್ಬರು ಕಾಗದ ಮಡಚಿದ ಸದ್ದು ಇಡೀ ಗುಮ್ಮಟವನ್ನು ಸುತ್ತಿಬಂತು. ಸದ್ದು ದೊಡ್ಡದಾದಾಗ ಹುಟ್ಟುವ ಹೆದರಿಕೆ ಬೇರೆ, ಸಣ್ಣ ಸದ್ದು ತನ್ನ ಅಳತೆ ಮೀರಿ ಕೇಳಿದಾಗ ಹುಟ್ಟುವ ಹೆದರಿಕೆಯೇ ಬೇರೆ. ಜೇಡದ ದೃಶ್ಯದಲ್ಲಿ ನಿರ್ದೇಶಕ ಲೀ ವಾನೆಲ್ ಹಿಡಿದಿರುವುದು ಈ ಎರಡನೆಯದನ್ನು.

ಇನ್ನೊಂದು ದೃಶ್ಯದಲ್ಲಿ ಹೆಂಡತಿ ಅವನ ಜೊತೆ ಮಾತನಾಡುತ್ತಿರುತ್ತಾಳೆ. ಕ್ಯಾಮೆರಾ ಅವಳ ಕಡೆಯಿಂದ ಅವನ ಕಡೆಗೆ ನಿಧಾನವಾಗಿ ಸರಿಯುತ್ತದೆ, ಬಣ್ಣ ಬದಲಾಗುತ್ತದೆ, ಅವಳ ಮಾತು ಕಲಸಿಹೋಗಿ ಅರ್ಥವಿಲ್ಲದ ಸದ್ದಾಗುತ್ತದೆ. ಮತ್ತೆ ಅವಳ ಕಡೆಗೆ ಬಂದರೆ ಮಾತು ಸ್ಪಷ್ಟವಾಗಿದೆ, ಅವನು ಮಾತ್ರ ಬರೀ ಉಸಿರು ಬಿಡುತ್ತಿದ್ದಾನೆ. ಒಂದೇ ಕೋಣೆಯಲ್ಲಿ ಇಬ್ಬರು, ನಡುವೆ ಭಾಷೆ ಇಲ್ಲ. ಟೀವಿಯ ಸಣ್ಣ ಸ್ಪೀಕರಿನಲ್ಲಿ ಇದು ಕೇಳುವುದಿಲ್ಲ. ನವನಗರದವರೇ, ಹೆಡ್‌ಫೋನ್ ಹಾಕಿಕೊಂಡು ಆ ಎರಡು ದೃಶ್ಯಗಳನ್ನು ಇನ್ನೊಮ್ಮೆ ನೋಡಿರಿ.

ಕುಂದಾನಗರಿಯ ಟಾಕೀಸು
ಸದ್ದು ಚೆನ್ನಾಗಿದೆ ಎಂದು ಬೆಳಕಿನ ಕೊರತೆಯನ್ನು ಮನ್ನಿಸಬೇಕೇ? ಅಡುಗೆಯಲ್ಲಿ ಉಪ್ಪಿಲ್ಲದಿದ್ದರೂ ವಾಸನೆ ಘಮಘಮ ಇದೆ ಎಂದಂತಾಯಿತು.

ಗುಮ್ಮಟದ ದನಿ
ಕತ್ತಲೆಯೇ ಆ ಅಡುಗೆಯ ಉಪ್ಪು ಎಂದು ನಾನು ತಿಳಿದಿದ್ದೇನೆ. ಅಲ್ಲದೆ ಇಲ್ಲಿಯೂ ಪ್ರಸಾಧನವೆಲ್ಲ ಮೈಗೆ ಅಂಟಿಸಿದ ನಿಜವಾದ ಕೆಲಸ, ಕಂಪ್ಯೂಟರಿನ ತೋಳವಲ್ಲ. ನಿಮ್ಮ 1981ರ ಸಿನಿಮಾದ ಹಾದಿಯನ್ನೇ ಇದು ತುಳಿದಿದೆ.

ಬಾದಾಮಿಯ ಬಂಡೆ
ನನಗೆ ತಿಳಿಯದ ಒಂದು ಸಂಗತಿ ಎಂದರೆ ಹುಣ್ಣಿಮೆ ಎಲ್ಲಿ ಹೋಯಿತು? 1941ರ ಮೂಲ ಸಿನಿಮಾದಿಂದಲೂ ಹುಣ್ಣಿಮೆಯ ದಿನ ಮನುಷ್ಯ ತೋಳವಾಗುತ್ತಾನೆ ಎಂಬುದೇ ನಿಯಮವಾಗಿತ್ತು. ಆ ನಿಯಮವನ್ನೇ ಕೈಬಿಟ್ಟ ಮೇಲೆ ಇದಕ್ಕೆ ಅದೇ ಹೆಸರು ಯಾಕೆ?

ಜಮಖಂಡಿಯ ಹಳೆ ಮಾಸ್ತರ
ಒಂದು ಸಣ್ಣ ತಿದ್ದುಪಡಿ. 1941ರ ಸಿನಿಮಾದಲ್ಲಿ ಲಾನ್ ಚೇನಿ ಜೂನಿಯರ್ ತೋಳವಾಗುತ್ತಾನೆ ನಿಜ, ಅಲ್ಲಿಯ ಪದ್ಯದಲ್ಲಿ ಶರತ್ಕಾಲದ ಚಂದ್ರನ ಪ್ರಸ್ತಾಪ ಬರುವುದೂ ನಿಜ. ಆದರೆ ‘ಹುಣ್ಣಿಮೆಯಾದರೆ ಮಾತ್ರ’ ಎಂಬ ನಿಯಮ ಗಟ್ಟಿಯಾದದ್ದು 1943ರಲ್ಲಿ ಬಂದ ಅದರ ಮುಂದಿನ ಭಾಗದಿಂದ. ನಮ್ಮ ಹಿಂದಿಯವರು 1992ರ ‘ಜುನೂನ್’ನಲ್ಲಿ ಹುಣ್ಣಿಮೆಯನ್ನು ಉಳಿಸಿಕೊಂಡು ತೋಳದ ಜಾಗದಲ್ಲಿ ಹುಲಿಯನ್ನು ತಂದರು. ಹೀಗೆ ನಿಯಮಗಳು ಸಿನಿಮಾದಿಂದ ಸಿನಿಮಾಕ್ಕೆ ಬದಲಾಗುತ್ತಲೇ ಬಂದಿವೆ.

ಗುಳೇದಗುಡ್ಡದ ಖಣ
ಹುಣ್ಣಿಮೆಯ ವಿಷಯದಲ್ಲಿ ನನ್ನದೊಂದು ಮಾತಿದೆ. ಹುಣ್ಣಿಮೆಗೆ ಹೆದರುವುದು ನಮ್ಮ ಜನಕ್ಕೆ ಬರುವುದೇ ಇಲ್ಲ. ಕಾರಹುಣ್ಣಿಮೆ, ನೂಲಹುಣ್ಣಿಮೆ, ಶೀಗಿಹುಣ್ಣಿಮೆ, ಬನದಹುಣ್ಣಿಮೆ, ಭಾರತಹುಣ್ಣಿಮೆ, ಹೋಳಿಹುಣ್ಣಿಮೆ ಹೀಗೆ ನಮ್ಮ ಹುಣ್ಣಿಮೆಗಳೆಲ್ಲ ಎತ್ತು ಓಡಿಸುವ, ಚರಗ ಚೆಲ್ಲುವ, ಜಾತ್ರೆ ಮಾಡುವ ದಿನಗಳು. ಹೆದರಿಕೆ ಏನಿದ್ದರೂ ಅಮಾವಾಸ್ಯೆಗೆ. ಜನವರಿಯ ಹುಣ್ಣಿಮೆಯನ್ನು ಆ ದೇಶದವರು ‘ತೋಳದ ಚಂದ್ರ’ ಎಂದು ಕರೆಯುತ್ತಾರೆ. ಅದೇ ಹುಣ್ಣಿಮೆಯ ಹೊತ್ತಿಗೆ ನಾವು ಬಾದಾಮಿಯ ಬನಶಂಕರಿಯ ತೇರು ಎಳೆದು, ನಾಟಕ ಕಂಪನಿಗಳ ಡೇರೆಯಲ್ಲಿ ಬೆಳತನಕ ಕುಳಿತಿರುತ್ತೇವೆ. ಆದ್ದರಿಂದ ಈ ಸಿನಿಮಾ ಹುಣ್ಣಿಮೆಯನ್ನು ಬಿಟ್ಟದ್ದು ನಮಗೆ ಒಳ್ಳೆಯದೇ ಆಯಿತು. ಚಂದ್ರನಿಗಿಂತ ಜಡ್ಡು ನಮಗೆ ಬೇಗ ತಿಳಿಯುತ್ತದೆ.

ಗೋಕಾಕದ ಪಶುವೈದ್ಯ
ಜಡ್ಡಿನ ಮಾತು ಬಂದುದರಿಂದ ನಾನು ಬರೆಯಲೇಬೇಕಾಗಿದೆ. ತೋಳಮನುಷ್ಯನ ಕಥೆಗಳನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಹುಚ್ಚುನಾಯಿ ರೋಗ. ಕಚ್ಚಿದವನ ರೋಗ ಕಚ್ಚಿಸಿಕೊಂಡವನಿಗೆ ಬರುವುದು, ಗಾಯ ಮಾಯ್ದಂತೆ ಕಂಡ ಮೇಲೆ ಒಳಗೊಳಗೇ ಬೆಳೆಯುವುದು, ನೀರು ಕಂಡರೆ ಗಂಟಲು ಹಿಂಡುವುದು, ಗಾಳಿ ಮತ್ತು ಬೆಳಕನ್ನೂ ತಾಳದಂತಾಗುವುದು, ಪ್ರೀತಿಯವರನ್ನೇ ದೂಡುವುದು ಎಲ್ಲವೂ ಆ ಕಥೆಗಳಲ್ಲಿ ಸೇರಿಕೊಂಡಿವೆ. ಈ ಸಿನಿಮಾದಲ್ಲಿ ಗೀರು ಬಿದ್ದ ನಂತರ ಮನೆಯವರು ಅದಕ್ಕೆ ಬಟ್ಟೆ ಸುತ್ತಿ ಸುಮ್ಮನಾಗುವಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ.

ಈ ಚರ್ಚೆಯನ್ನು ಓದುವ ಎಲ್ಲರಿಗೂ ಒಂದು ಮಾತು. ನಾಯಿಯಾಗಲಿ, ನರಿ ಅಥವಾ ತೋಳವಾಗಲಿ ಕಚ್ಚಿದರೆ, ಗೀರಿದರೆ, ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿರಿ. ಅರಿಶಿನ, ಸುಣ್ಣ, ಖಾರದಪುಡಿ ತುಂಬಬೇಡಿ. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ಈ ‘ಅಸಾಧ್ಯ’ ಎಂಬ ಮಾತಿನ ಭಾರವನ್ನು ಆ ಸಿನಿಮಾದ ಹೆಂಡತಿಯ ಮುಖದಲ್ಲಿ ನಾನು ಕಂಡೆ. ಜೂಲಿಯಾ ಗಾರ್ನರ್ ಆ ಪಾತ್ರವನ್ನು ಬಹಳ ಸಂಯಮದಿಂದ ಮಾಡಿದ್ದಾರೆ.

ಇಂಡಿಯ ನಿಂಬೆ
ಬಹಳ ದಿನಗಳಿಂದ ಇಲ್ಲಿ ಓದುತ್ತೇನೆ, ಇಂದು ಮೊದಲ ಸಲ ಬರೆಯುತ್ತಿದ್ದೇನೆ. ಸಿನಿಮಾವನ್ನು ನಾನಿನ್ನೂ ನೋಡಿಲ್ಲ. ಆದರೆ ವಿಜಯಪುರದ ಅಣ್ಣನವರು ಬರೆದ ಆ ‘ಒಂದೇ ಕೋಣೆಯಲ್ಲಿ ಇಬ್ಬರು, ನಡುವೆ ಭಾಷೆ ಇಲ್ಲ’ ಎಂಬ ಸಾಲನ್ನು ಓದಿ ನನ್ನ ಕೈ ನಡುಗಿತು.

ನಮ್ಮ ಮಾವನವರಿಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸ್ವಲ್ಪ ಮಟ್ಟಿಗೆ ಮರಳಿ ಬಂದವು, ಮಾತು ಬರಲಿಲ್ಲ. ಒಂದೇ ಒಂದು ಶಬ್ದ ಉಳಿದಿತ್ತು. ಚಹಾ ಬೇಕೇ ಎಂದರೂ ‘ಬಂಡಿ’, ನೋವಿದೆಯೇ ಎಂದರೂ ‘ಬಂಡಿ’, ಸಿಟ್ಟು ಬಂದರೆ ‘ಬಂಡಿ ಬಂಡಿ’ ಎಂದು ಕೂಗುತ್ತಿದ್ದರು. ನಾವು ಹೇಳಿದ್ದು ಅವರಿಗೆ ಎಷ್ಟು ತಿಳಿಯುತ್ತಿತ್ತೋ ದೇವರೇ ಬಲ್ಲ. ನಮ್ಮ ತುಟಿಗಳನ್ನೇ ನೋಡುತ್ತಿದ್ದರು, ಪರಊರಿನ ಬಸ್ಸಿನ ಬೋರ್ಡು ಓದಲು ಹೆಣಗುವವರಂತೆ. ಒಮ್ಮೆ ಅತ್ತೆಯವರು ಊಟ ಮಾಡಿಸುವಾಗ ಅವರ ಕೈಯನ್ನು ಜೋರಾಗಿ ತಳ್ಳಿಬಿಟ್ಟರು, ಗಂಗಾಳ ಬಿದ್ದು ಅನ್ನವೆಲ್ಲ ಚೆಲ್ಲಿತು. ನಲವತ್ತು ವರ್ಷ ಹೆಂಡತಿಗೆ ಒಂದು ಬಿರುನುಡಿ ಆಡದವರು. ಅತ್ತೆ ಹೆದರಿ ಹಿಂದೆ ಸರಿದರು, ಆಮೇಲೆ ಹೆದರಿದ್ದಕ್ಕೇ ಅತ್ತರು. ನನ್ನ ಮಗಳಿಗೆ ಆಗ ಆರು ವರ್ಷ. ಅವಳಿಗೆ ಮಾತ್ರ ಅಜ್ಜನ ಪ್ರತಿಯೊಂದು ‘ಬಂಡಿ’ಯ ಅರ್ಥ ಗೊತ್ತಾಗುತ್ತಿತ್ತು. ‘ಅಜ್ಜಗ ಕಿಟಕಿ ತೆಗೀಬೇಕಂತ’ ಎಂದು ಓಡಿಬರುತ್ತಿದ್ದಳು, ತೆಗೆದರೆ ಅವರ ಮುಖ ಅರಳುತ್ತಿತ್ತು.

ಅಪ್ಪನ ಮನಸ್ಸನ್ನು ಓದುವ ಮಗಳ ಆಟ ಈ ಸಿನಿಮಾದಲ್ಲಿದೆ ಎಂದು ಇಳಕಲ್ಲಿನವರು ಬರೆದಿದ್ದಾರೆ. ನಾನು ಇದನ್ನು ನೋಡಬೇಕು.

ಇಳಕಲ್ಲಿನ ಸೆರಗು
ಅಕ್ಕಾ, ನೋಡಿರಿ. ಆದರೆ ಒಬ್ಬರೇ ಕುಳಿತು ನೋಡಬೇಡಿ.

ಕುಂದಾನಗರಿಯ ಟಾಕೀಸು
ಇಂಡಿಯ ತಂಗಿಯವರ ಬರಹ ಓದಿ ನನಗೂ ಮನಸ್ಸು ಭಾರವಾಯಿತು. ಆದರೂ ಚರ್ಚೆಯ ಮೂಲ ಪ್ರಶ್ನೆಗೆ ಬರುತ್ತೇನೆ. ಇದು ದುಃಖದ ಸಿನಿಮಾ ಎಂದಾಯಿತು, ಜಡ್ಡಿನ ಸಿನಿಮಾ ಎಂದಾಯಿತು. ಇದರಲ್ಲಿ ಮನರಂಜನೆ ಎಲ್ಲಿದೆ? ದುಡಿದು ದಣಿದವನು ಶನಿವಾರ ರಾತ್ರಿ ಹೆದರಿಕೆಯ ಸಿನಿಮಾ ಹಾಕುವುದು ಒಮ್ಮೆ ಜೋರಾಗಿ ಬೆಚ್ಚಿ, ಆಮೇಲೆ ನಕ್ಕು ಹಗುರಾಗಲು. ಪಾರ್ಶ್ವವಾಯುವಿನ ನೆನಪು ಮಾಡಿಕೊಳ್ಳಲು ಅಲ್ಲ.

ಜಮಖಂಡಿಯ ಹಳೆ ಮಾಸ್ತರ
ಮನರಂಜನೆ ಎಂಬ ಶಬ್ದದಲ್ಲಿರುವ ‘ರಂಜ್’ ಧಾತುವಿಗೆ ಬಣ್ಣವೇರಿಸುವುದು ಎಂಬ ಅರ್ಥವಿದೆ. ಮನಸ್ಸಿಗೆ ಬಣ್ಣ ಹತ್ತಿದರೆ ಅದು ರಂಜನೆ, ಆ ಬಣ್ಣ ನಗುವಿನದ್ದೇ ಆಗಬೇಕೆಂದಿಲ್ಲ. ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಟಿಕೀಟು ತೆಗೆಸಿ ಒಳಗೆ ಹೋದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಬಂದು ‘ನಾಟಕ ಭಾಳ ಛಲೋ ಇತ್ತು’ ಎನ್ನುವುದನ್ನು ನಾನು ಐವತ್ತು ವರ್ಷಗಳಿಂದ ಕೇಳುತ್ತಿದ್ದೇನೆ.

ಇನ್ನು ನಡುವಿನ ಹೊತ್ತಿನ ವಿಚಾರ. ಇದು ಹೊರಗಿನಿಂದ ಬಂದ ಹೊಸ ಸಂಗತಿಯೇನಲ್ಲ. ಹೂವಾದ ಹುಡುಗಿಯ ಜನಪದ ಕಥೆಯನ್ನು ನೀವೆಲ್ಲ ಅಜ್ಜಿಯ ಬಾಯಲ್ಲೋ ಶಾಲೆಯಲ್ಲೋ ಕೇಳಿದ್ದೀರಿ. ಹುಡುಗಿಯ ಮೇಲೆ ಒಂದು ತಂಬಿಗೆ ನೀರು ಸುರಿದರೆ ಹೂವಿನ ಗಿಡವಾಗುತ್ತಾಳೆ, ಇನ್ನೊಂದು ತಂಬಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಗಿಡವಾದದ್ದಕ್ಕೆ ಕೇಳುವ ಮಕ್ಕಳು ಹೆದರುವುದಿಲ್ಲ, ಬೆರಗಾಗುತ್ತಾರೆ. ಅವರು ಹೆದರುವುದು ಎರಡನೆಯ ನೀರು ಸರಿಯಾಗಿ ಬೀಳದೆ, ಟೊಂಗೆ ಮುರಿದು, ಅವಳು ಕೈಕಾಲಿಲ್ಲದ ಅರ್ಧ ದೇಹವಾಗಿ ಚರಂಡಿಯಲ್ಲಿ ಉಳಿದುಹೋದಾಗ. ನನ್ನ ತರಗತಿಯಲ್ಲಿ ಆ ಭಾಗ ಬಂದಾಗ ಹಿಂದಿನ ಬೆಂಚಿನ ತುಂಟರೂ ಉಸಿರು ಹಿಡಿಯುತ್ತಿದ್ದರು. ಆ ಕಥೆಯಲ್ಲಿ ಗಂಡ ಅವಳನ್ನು ಗುರುತಿಸಿ ನೀರು ಹಾಕಿ ಮರಳಿ ಪಡೆಯುತ್ತಾನೆ. ಈ ಸಿನಿಮಾದಲ್ಲಿ ಎರಡನೆಯ ತಂಬಿಗೆ ಇಲ್ಲ. ಇವೆರಡರ ನಡುವಿನ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಇಷ್ಟೇ.

ನವನಗರದ ನೋಡುಗ
ಗುರುಗಳೇ, ‘ಎರಡನೆಯ ತಂಬಿಗೆ ಇಲ್ಲ’ ಎಂಬ ಮಾತನ್ನು ನನ್ನ ತಮ್ಮನ ಗೆಳೆಯನಿಗೆ ಓದಿ ಹೇಳಿದೆ. ಅಪ್ಪನಿಗೆ ಫೋನು ಮಾಡಿದ ಹುಡುಗ. ‘ಹೌದು, ಅದೇ’ ಎಂದ.

ಸಿಂದಗಿಯ ಹಲಗೆ
ನಮ್ಮ ಊರಿನ ಮೊಹರಂ ಹಬ್ಬದಲ್ಲಿ ಹರಕೆ ಹೊತ್ತವರು ಹುಲಿವೇಷ ಹಾಕುತ್ತಾರೆ. ಬಣ್ಣ ಒಣಗುವವರೆಗೆ ಅವರು ಕೈ ಅಗಲಿಸಿ ನಿಂತಿರಬೇಕು. ನಮ್ಮ ಮಾಮಾ ಒಂದು ವರ್ಷ ವೇಷ ಹಾಕಿದ್ದರು. ಅರ್ಧ ಮೈಗೆ ಹಳದಿ ಪಟ್ಟೆ ಬಿದ್ದಿದೆ, ಮುಖ ಇನ್ನೂ ಮಾಮಾನದೇ ಇದೆ, ನನ್ನನ್ನು ನೋಡಿ ನಕ್ಕರು. ನಾನು ಚೀರಿಕೊಂಡು ಅವ್ವನ ಹಿಂದೆ ಅಡಗಿದೆ. ಪೂರ್ತಿ ಹುಲಿಯಾಗಿ ಹಲಗೆಯ ಬಡಿತಕ್ಕೆ ಕುಣಿಯುತ್ತಾ ಬಂದಾಗ ಮಾತ್ರ ಅವರ ಹಿಂದೆಯೇ ಓಡಿದೆ. ಆದ್ದರಿಂದ ಚರ್ಚೆ ಆರಂಭಿಸಿದವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ.

ಬಾದಾಮಿಯ ಬಂಡೆ
ಕೊನೆಯನ್ನು ಬಿಟ್ಟುಕೊಡುತ್ತಿದ್ದೇನೆ, ನೋಡದವರು ಮುಂದೆ ಓದಬೇಡಿ. ಕಾಡಿನಲ್ಲಿ ಮೊದಲಿಂದ ಬೆನ್ನುಹತ್ತಿದ ಪ್ರಾಣಿ ಅವನ ಅಪ್ಪನೇ ಎಂದು ಗೊತ್ತಾಗುವುದು ನನಗೆ ಬೇಗನೆ ಹೊಳೆದುಬಿಟ್ಟಿತು. ಶುರುವಿನ ಬಾಲ್ಯದ ದೃಶ್ಯದಲ್ಲಿ ಅಪ್ಪನ ಸಿಡುಕನ್ನು ಅಷ್ಟು ಒತ್ತಿ ತೋರಿಸಿದ ಮೇಲೆ ಊಹಿಸುವುದು ಕಷ್ಟವಲ್ಲ. ಇದು ಕಥೆ ಬರೆದವರ ದೋಷ. ಜೊತೆಗೆ ಇಡೀ ಕಥೆ ಒಂದೇ ರಾತ್ರಿಯಲ್ಲಿ ನಡೆಯುವುದರಿಂದ ಆ ಸಂಸಾರ ಮೊದಲು ಹೇಗಿತ್ತು ಎಂಬುದನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದಾರೆ. ಮನುಷ್ಯನಾಗಿ ಅವನನ್ನು ಇನ್ನಷ್ಟು ಬಲ್ಲೆವಾದರೆ ತೋಳವಾದಾಗ ಇನ್ನಷ್ಟು ಮರುಗುತ್ತಿದ್ದೆವು.

ನವನಗರದ ನೋಡುಗ
ಇದನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಗಂಡಹೆಂಡಿರ ನಡುವಿನ ಬಿರುಕನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತಾರೆ, ತೋರಿಸುವುದಿಲ್ಲ. ಇನ್ನು ಇಪ್ಪತ್ತು ನಿಮಿಷ ಆ ಊರಿನ ಮನೆಯಲ್ಲಿ, ಅವರ ಅಡುಗೆಮನೆಯಲ್ಲಿ ನಮ್ಮನ್ನು ಕೂರಿಸಬೇಕಾಗಿತ್ತು.

ವಿಜಯಪುರದ ಅಣ್ಣನವರು ಹೇಳಿದಂತೆ ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಎರಡು ದೃಶ್ಯಗಳನ್ನು ಮತ್ತೆ ನೋಡಿದೆ. ಜೇಡದ ಹೆಜ್ಜೆಯ ಸದ್ದು ಮೊದಲು ದೂರದ ಬಾಗಿಲು ಬಡಿದಂತೆ ಇತ್ತು, ಹತ್ತಿರ ಹೋದಂತೆ ಅದರಲ್ಲಿ ಒಂದು ಒಣ ಕೆರೆತ ಸೇರಿಕೊಂಡಿತು, ಜೋಳದ ದಂಟಿನ ಮೇಲೆ ಉಗುರು ಎಳೆದಂತೆ. ಹೆಂಡತಿಯ ಮಾತು ಕಲಸಿ ಬರುವ ದೃಶ್ಯದಲ್ಲಿ ಅವಳ ದನಿಯ ಏರಿಳಿತ ಮಾತ್ರ ಹಾಗೆಯೇ ಉಳಿದಿದೆ. ಶಬ್ದ ತಿಳಿಯುವುದಿಲ್ಲ, ಆದರೆ ಅವಳು ಅವನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂಬುದು ತಿಳಿಯುತ್ತದೆ. ಮೊದಲ ಸಲ ನನಗೆ ಇದು ಕೇಳಿರಲೇ ಇಲ್ಲ. ಬೆಳಗಾವಿಯವರು ಹೇಳಿದ 1981ರ ಸಿನಿಮಾವನ್ನು ಈ ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ.

ಕುಂದಾನಗರಿಯ ಟಾಕೀಸು
ಅದನ್ನು ನೋಡಿ ಬರೆಯಿರಿ, ಆಮೇಲೆ ಮತ್ತೆ ವಾದ ಮಾಡೋಣ. ಕತ್ತಲೆಯ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಹೆಡ್‌ಫೋನಿನ ವಿಷಯದಲ್ಲಿ ಒಂದು ಅವಕಾಶ ಕೊಟ್ಟು ನೋಡುತ್ತೇನೆ.

ಇಂಡಿಯ ನಿಂಬೆ
ಭಾನುವಾರ ನಾನು ಮತ್ತು ನಮ್ಮ ಮನೆಯವರು ಕೂಡಿ ನೋಡುವವರಿದ್ದೇವೆ. ಅವರಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ಎಲ್ಲಿ ಎಚ್ಚರವಾಗಿರಬೇಕು ಎಂದು ಯಾರಾದರೂ ತಿಳಿಸುವಿರಾ?

ನವನಗರದ ನೋಡುಗ
ಅಕ್ಕಾವರೇ, ಅವನು ತನ್ನ ತೋಳಿನ ಗಾಯಕ್ಕೆ ಬಾಯಿ ಹಾಕುವಾಗ ಒಮ್ಮೆ, ಕಬ್ಬಿಣದ ಬೋನು ಕಾಲನ್ನು ಕಚ್ಚಿ ಹಿಡಿದಾಗ ಇನ್ನೊಮ್ಮೆ ಅಣ್ಣಾವರಿಗೆ ಮುಖ ತಿರುಗಿಸಲು ಹೇಳಿರಿ. ಎರಡನೆಯದು ಬಹಳ ಕಠಿಣವಾಗಿದೆ, ಆಗ ಅವರನ್ನು ಚಹಾ ಇಡಲು ಒಳಗೆ ಕಳಿಸಿದರೂ ಆದೀತು. ಮೇಲಿನ ಕೋಣೆಯಿಂದ ಹೆಜ್ಜೆಯ ಸದ್ದು ಬಂದಾಗ ಮಾತ್ರ ಇಬ್ಬರೂ ಅಲ್ಲೇ ಇರಿ, ಫ್ಯಾನನ್ನೂ ಆರಿಸಿಬಿಡಿ.